ಎಡಗಡೆ ನೋಡಿ

ನನ್ನ ದೊಡ್ಡಮ್ಮ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರ ಬಸ್ಸು ಓಡಿಸುತ್ತಾಳೆ. ಹದಿನೆಂಟು ಸೀಟಿನ ಹಸಿರು ಬಸ್ಸು. ಕಾಡು ಹೊಕ್ಕು, ಕಡಲಂಚಿನ ಬಂಡೆಗಳ ಮೇಲೆ ಸುತ್ತಿ ಬರುವ ಒಮ್ಮುಖ ರಸ್ತೆ. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನಾಲ್ಕು ಸುತ್ತು. ಜೊತೆಯ ಚಾಲಕರು ಅವಳನ್ನು ‘ಆಮೆಯಕ್ಕ’ ಎನ್ನುತ್ತಾರೆ. “ಆಮೆ ಹಾರಿ ಹಳ್ಳಕ್ಕೆ ಬಿದ್ದಿದ್ದು ಯಾರಾದ್ರೂ ಕೇಳಿದ್ದೀರಾ?” ಎಂದು ಅವಳು ನಗುತ್ತಾಳೆ.

ಬೆಳಿಗ್ಗೆ ಬಲಗಡೆಯ ಕಿಟಕಿಗಳನ್ನು ಒಂದು ಸಲ, ಎಡಗಡೆಯವನ್ನು ಎರಡು ಸಲ ಹಳೆಯ ಪತ್ರಿಕೆಯಿಂದ ಒರೆಸುತ್ತಾಳೆ. ಕಡಲು ಇರುವುದು ಎಡಕ್ಕೆ. ದಟ್ಟ ಮರಗಳ ನಡುವೆ ಅದು ಕಾಣುವುದು ಸಂದಿಗಳಲ್ಲಿ ಮಾತ್ರ, ಮೂರು ನಾಲ್ಕು ಕ್ಷಣ. ಆದ್ದರಿಂದ ಪ್ರತಿ ಸಂದಿಗೂ ತುಸು ಮೊದಲೇ ಅವಳು “ಎಡಗಡೆ ನೋಡಿ” ಎಂದು ಕೂಗಿ, ಏನು ಕಾಣುತ್ತದೆಂದು ಹೇಳುತ್ತಾಳೆ.

ಅದೇ ಮುಳುವಾಯಿತು. ಯಾರೋ ಪ್ರಯಾಣಿಕರು ದೂರು ಬರೆದರು: ‘ಚಾಲಕಿ ರಸ್ತೆ ಬಿಟ್ಟು ಕಡಲು ನೋಡುತ್ತಾರೆ. ಇಲ್ಲದಿದ್ದರೆ ಅಷ್ಟು ಕರಾರುವಾಕ್ಕಾಗಿ ಹೇಳಲು ಹೇಗೆ ಸಾಧ್ಯ?’ ಗುರುವಾರದ ಮೊದಲ ಸುತ್ತಿಗೆ ತಪಾಸಣೆಯವರು ಬರುತ್ತಾರೆ, ದೂರು ನಿಜವಾದರೆ ಬಸ್ಸು ಬಿಡಿಸಿ ಗೇಟಿನ ಕೆಲಸಕ್ಕೆ ಹಾಕುತ್ತಾರೆ ಎಂದು ಬುಧವಾರ ಕಚೇರಿಯಿಂದ ಕಾಗದ ಬಂತು.

“ಮದುವೆಯಾಗಿ ಇಷ್ಟು ವರ್ಷ ಆದ್ರೂ ನನ್ನ ಮುಖಾನೇ ನೆಟ್ಟಗೆ ನೋಡಿಲ್ಲ, ಇವಳು ಕಡಲು ನೋಡ್ತಾಳಂತೆ!” ಎಂದರು ದೊಡ್ಡಪ್ಪ. ಆಮೇಲೆ ದನಿ ತಗ್ಗಿಸಿ, “ನಾಳೆ ಒಂದಿನ ಬಾಯಿ ಮುಚ್ಕೊಂಡು ಓಡಿಸೇ” ಎಂದರು.

“ನಾನು ಹೇಳದಿದ್ರೆ ಅವರು ಕತ್ತು ತಿರುಗಿಸೋ ಹೊತ್ತಿಗೆ ಕಡಲೇ ಹೋಗಿರತ್ತೆ. ಪಾಪ, ದೂರದಿಂದ ಬಂದಿರ್ತಾರೆ.”

ಆ ರಾತ್ರಿ ಗಾಳಿ ಜೋರಾಗಿ ಬೀಸಿತು. ಬೆಳಿಗ್ಗೆ ನಾನೂ ಹೋಗಿ ಕೊನೆಯ ಸೀಟಿನಲ್ಲಿ ಕೂತೆ. ತಪಾಸಣೆಯವರು ಮುಂದೆ, ದೊಡ್ಡಮ್ಮನ ಕಣ್ಣು ಕಾಣುವಂತೆ ಓರೆಯಾಗಿ ಕೂತರು. ಮಡಿಲಲ್ಲಿ ಪುಸ್ತಕ.

“ಎಡಗಡೆ ನೋಡಿ. ಬಿಳಿ ಬಂಡೆ ಬರತ್ತೆ, ಅದರ ಮೇಲೆ ಕಪ್ಪು ಹಕ್ಕಿಗಳು ರೆಕ್ಕೆ ಒಣಗಿಸ್ತಾ ಕೂತಿರ್ತಾವೆ.” ಬಂಡೆ ಬಂತು. ಹಕ್ಕಿಗಳೂ ಇದ್ದವು. ತಪಾಸಣೆಯವರು ಏನೋ ಬರೆದುಕೊಂಡರು. ಹೇಳಿದ್ದು ಸರಿಹೋದಷ್ಟೂ ದೂರಿಗೇ ಬಲ.

ದೊಡ್ಡ ತಿರುವು ಬಂತು. “ಈಗ ಬಗ್ಗಿದ ಮರ. ನೀರಿಗೆ ಕೈ ಚಾಚಿದ ಹಾಗೆ ಎಷ್ಟು ಚೆನ್ನಾಗಿದೆ, ನೋಡಿ!”

ಎಲ್ಲರೂ ಕಿಟಕಿಗೆ ಬಗ್ಗಿ ಹುಡುಕಿದರು.

“ಅಲ್ಲಿ ಮರಾನೇ ಇಲ್ವಲ್ಲಮ್ಮಾ!” ಎಂದರು ಒಬ್ಬ ಅಜ್ಜ. “ಮುರಿದ ಬುಡ ಇದೆ ಅಷ್ಟೆ.”

ಬಸ್ಸೆಲ್ಲ ಗೊಳ್ಳೆಂದಿತು. ದೊಡ್ಡಮ್ಮನ ಕಿವಿ ಕೆಂಪಾಯಿತು. ಆಗಲೂ ಅವಳ ಕತ್ತು ತಿರುಗಲಿಲ್ಲ. “ಅಯ್ಯೋ, ಗಾಳಿಗೆ ಬಿತ್ತೇನೋ” ಎಂದಳು, ರಸ್ತೆ ನೋಡುತ್ತಲೇ.

ಬಸ್ಸು ನಿಂತ ಮೇಲೆ ತಪಾಸಣೆಯವರು ಕೇಳಿದರು: “ಆ ಮರ ನೀವು ಯಾವತ್ತೂ ನೋಡೇ ಇಲ್ವಾ?”

“ಇಲ್ಲ ಸರ್. ಅಲ್ಲಿ ತಿರುವು, ನಿಲ್ಲಿಸೋ ಹಾಗೂ ಇಲ್ಲ. ಹಿಂದೆ ಕೂತವರು ಎಲ್ಲಿ ಅಬ್ಬಾ ಅಂತಾರೆ, ಯಾಕೆ ಅಂತಾರೆ ಅಂತ ಕಿವಿಗೊಟ್ಟು ಕಲ್ತೆ.”

“ಇಲ್ಲದ ಮರ ತೋರಿಸಿ ಕೆಲಸ ಉಳಿಸ್ಕೊಂಡವರು ನೀವೊಬ್ಬರೇ” ಎಂದು ಅವರು ಪುಸ್ತಕ ಮುಚ್ಚಿದರು.

ಭಾನುವಾರ ನಾವು ಮೂವರೂ ಟಿಕೆಟ್ ಕೊಂಡು ಹತ್ತಿದೆವು. ಬೇರೆ ಚಾಲಕ. ದೊಡ್ಡಮ್ಮ ಎಡಗಡೆಯ ಕಿಟಕಿಯಲ್ಲಿ ಕೂತು ಸೆರಗಿನಿಂದ ಗಾಜು ಒರೆಸಿದಳು. ಆದರೆ ಪ್ರತಿ ತಿರುವಿನಲ್ಲೂ ಅವಳ ಕಣ್ಣು ರಸ್ತೆಯ ಮೇಲೆ, ಇಲ್ಲದ ಬ್ರೇಕಿನ ಮೇಲೆ ಬಲಗಾಲು. ಕೊನೆಗೆ ದೊಡ್ಡಪ್ಪ ಅವಳ ಗಲ್ಲ ಹಿಡಿದು ತಿರುಗಿಸಿದರು: “ಎಡಗಡೆ ನೋಡೇ!”

ಬಿಸಿಲಿಗೆ ಹೊಳೆಯುವ ನೀರು ಎದುರಿಗೇ ಇತ್ತು.

“ಅಬ್ಬಾ!” ಎಂದಳು ದೊಡ್ಡಮ್ಮ.

“ಏನಾಯ್ತು ಆಮೆಯಕ್ಕಾ?” ಚಾಲಕ ಕತ್ತು ತಿರುಗಿಸಿದ.

“ನಿನಗಲ್ಲಪ್ಪಾ. ನೀನು ರಸ್ತೆ ನೋಡು!”