ಅಮ್ಮನ ಉಬ್ಬಸ, ಅಪ್ಪನ ಹೆಸರು

ನೋಡ್ರಪ್ಪಾ, ಕೋಪ ಇನ್ನೂ ಇಳಿದಿಲ್ಲ. ಅಪ್ಪ ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಆಸ್ಪತ್ರೆಯವರು ಇವತ್ತು ಅವರನ್ನು ಆಸ್ತಮಾ ಸಂಶೋಧನೆಗೆಂದು ಕರೆಸಿದ್ದರು. ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ರೋಗಿಗಳನ್ನು ಹುಡುಕಿದಾಗ ಅಪ್ಪ ಸಿಕ್ಕರಂತೆ.

ಅಪ್ಪನಿಗೆ ಜನ್ಮದಲ್ಲೇ ಉಬ್ಬಸ ಬಂದಿಲ್ಲ. ಬಂದದ್ದು ಅಮ್ಮನಿಗೆ. ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ವಠಾರದಲ್ಲಿ, ಮರದ ಹೊಟ್ಟಿನ ಒಲೆಯ ಹೊಗೆ ಕುಡಿದು ಬಂದದ್ದು, ಇವತ್ತಿಗೂ ಬಿಟ್ಟಿಲ್ಲ. ಆಗ ಹೆಂಡತಿ ಮಕ್ಕಳಿಗೆ ಏನೇ ಕಾಯಿಲೆಯಾದರೂ ಆ ಆಸ್ಪತ್ರೆಯಲ್ಲಿ ನೌಕರನ ಹೆಸರಿನಲ್ಲೇ ಬರೆದುಕೊಳ್ಳುತ್ತಿದ್ದರು.

ಇದನ್ನೆಲ್ಲ ಬಿಡಿಸಿ ಹೇಳಿದೆ. ಅಲ್ಲಿದ್ದ ಎಳೆಯ ಡಾಕ್ಟರು ಪರದೆ ನೋಡಿಕೊಂಡೇ, "ಅಜ್ಜಿ ಹೆಸರು ಸಿಸ್ಟಮ್‌ನಲ್ಲೇ ಇಲ್ವಲ್ಲಾ ಸಾರ್" ಎಂದರು.

ಅಮ್ಮ ಪಕ್ಕದಲ್ಲೇ ಏದುಸಿರು ಬಿಡುತ್ತಾ ಕೂತಿದ್ದಳು. "ಹಂಗಾದ್ರೆ ಈ ಉಬ್ಬಸ ಯಾರ್ದಪ್ಪಾ?" ಎಂದು ಕೇಳಿದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ತಾತನ ಕೇಸ್ ತುಂಬಾ ಸ್ಪೆಷಲ್ ಸಾರ್. ಅಷ್ಟು ವರ್ಷ ಉಬ್ಬಸ ಇತ್ತು, ಆಮೇಲೆ ಒಂದು ಸಲಾನೂ ಬಂದಿಲ್ಲ. ಪೂರ್ತಿ ಗುಣ ಆಗ್ಬಿಟ್ಟಿದೆ!"

ಬರುವುದು ಹೇಗೆ? ಅಪ್ಪ ಆ ಕೆಲಸ ಬಿಟ್ಟರು. ಕೆಲಸ ಬಿಟ್ಟವರ ಮನೆಯವರನ್ನು ಆ ಆಸ್ಪತ್ರೆ ಒಳಗೇ ಸೇರಿಸುತ್ತಿರಲಿಲ್ಲ.

ಕೊನೆಗೆ ಅಪ್ಪನಿಗೆ ಕುರ್ಚಿ ಕೊಟ್ಟು, ಕಾಫಿ ತರಿಸಿದರು. ಅಮ್ಮನಿಗೆ, "ಪೇಷೆಂಟ್ ಜೊತೆ ಬಂದೋರು ಹೊರಗಡೆ ಕೂತ್ಕೊಳ್ಳಿ ಅಜ್ಜಿ" ಎಂದರು.

ಆಸ್ತಮಾಗೆ ಔಷಧಿ ಗೊತ್ತಾಯಿತಲ್ಲ? ಚೀಟಿ ಗಂಡನ ಹೆಸರಲ್ಲಿ ಮಾಡಿಸಿ, ಕೆಮ್ಮುವ ಕೆಲಸ ಹೆಂಡತಿಗೆ ಬಿಡಿ. ಗಂಡ ಗುಣವಾಗುವುದು ಗ್ಯಾರಂಟಿ.