ಬೆಟ್ಟದಾಚೆಯ ತವರಿಗೊಂದು ಕಾರು

ನನ್ನ ಹೆಂಡತಿಯ ತವರು ಪಾಲಾರಿನ ಹತ್ತಿರ, ತಮಿಳುನಾಡಿನ ಗಡಿಗೆ ಅಂಟಿಕೊಂಡ ಒಂದು ಪುಟ್ಟ ಊರು. ನಮ್ಮ ಮನೆ ಕೊಳ್ಳೇಗಾಲ. ನಡುವೆ ಮಾದಪ್ಪನ ಬೆಟ್ಟ. ಬೇರೆಯವರೆಲ್ಲ ಭಕ್ತಿಯಿಂದ ಆ ಬೆಟ್ಟ ಹತ್ತಿದರೆ ನನ್ನ ಹೆಂಡತಿ ಹತ್ತುತ್ತಿದ್ದುದು ಪ್ಲಾಸ್ಟಿಕ್ ಕವರು ಹಿಡಿದುಕೊಂಡು. ತಾಳಬೆಟ್ಟ ದಾಟಿ ತಿರುವುಗಳು ಶುರುವಾದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು.

ಮದುವೆಯಾಗಿ ವ್ಯಾನಿನಲ್ಲಿ ನಮ್ಮೂರಿಗೆ ಬರುವಾಗಲೇ ಮದುಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು. ಆಮೇಲೆ ಬಸ್ಸು, ಜೀಪು, ನಮ್ಮ ಮೊದಲ ಕಾರು, ಎರಡನೆಯ ಕಾರು, ಎಲ್ಲದರಲ್ಲೂ ಅದೇ ಪಾಡು. ನಿಂಬೆಹಣ್ಣು ಮೂಸಿದಳು, ಶುಂಠಿ ಜಗಿದಳು, ಮಾತ್ರೆ ನುಂಗಿ ತೂಕಡಿಸಿದಳು. ತವರು ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತಿತ್ತು. ಅಲ್ಲಿ ನಮ್ಮ ಅತ್ತೆ ಚಾಪೆ ಹಾಸಿ, ನಿಂಬೆಹಣ್ಣಿನ ಪಾನಕ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಮಗಳು ಬಂದವಳೇ ಅದರ ಮೇಲೆ ಮಲಗುತ್ತಿದ್ದಳು. ಅತ್ತೆ ಊಟ ತಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮರುದಿನ ವಾಪಸು ಹೊರಡಬೇಕು, ಮತ್ತೆ ಅವೇ ತಿರುವುಗಳು, ಆ ಹೆದರಿಕೆಗೆ ಆಗಲೂ ಅನ್ನ ಇಳಿಯುತ್ತಿರಲಿಲ್ಲ.

ಅತ್ತೆಯಾದರೂ ಈಚೆಗೆ ಬರಬಹುದಿತ್ತಲ್ಲ ಎನ್ನಬಹುದು. ಅವರಿಗೂ ಅದೇ ಕಾಟ, ಮಗಳಿಗೆ ಬಂದದ್ದು ಅಲ್ಲಿಂದಲೇ. ಕಳೆದ ಸಲ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ಹೆಂಡತಿ ತವರಿಗೆ ಹೋಗುವ ಮಾತನ್ನೇ ಬಿಟ್ಟಳು. ಸಂಜೆ ಹಿತ್ತಲಲ್ಲಿ ಕೂತು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅತ್ತೆಗೆ ತುಂಬ ವಯಸ್ಸಾಗಿದೆ. ಇನ್ನೊಮ್ಮೆ ಅವರನ್ನು ಕಣ್ಣಾರೆ ನೋಡುವುದು ಯಾವಾಗ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ.

ಹೀಗಿರುವಾಗ ನನಗೆ ಕಾರಿನ ಹುಚ್ಚು ಹಿಡಿಯಿತು. ಯಳಂದೂರು ರಸ್ತೆಯಲ್ಲಿ ನಮ್ಮದೊಂದು ರೈಸ್ ಮಿಲ್ಲಿದೆ. ಅಗರದ ಕಡೆಯ ಭತ್ತ ನಮ್ಮನ್ನು ಕೈಬಿಟ್ಟಿಲ್ಲ. ಅದಕ್ಕೆ ನಾನು ದಿನವೂ ಕೈ ಮುಗಿಯುತ್ತೇನೆ, ಆದರೆ ಕೈ ಮುಗಿದ ಮಾತ್ರಕ್ಕೆ ಜಂಬ ಹೋಗುತ್ತದೆಯೇ? ಕಪ್ಪು ಬಣ್ಣದ, ಉದ್ದನೆಯ ಪೆಟ್ರೋಲ್ ಕಾರು ನನ್ನ ಕಣ್ಣಿಗೆ ಬಿದ್ದಿತ್ತು. ಬಸ್ ಸ್ಟ್ಯಾಂಡಿನ ಮುಂದೆ ನಿಧಾನಕ್ಕೆ ಹೋದರೆ ನಾಲ್ಕು ಜನ ತಿರುಗಿ ನೋಡಬೇಕು, ಅಂಥದ್ದು. ಮೈಸೂರಿನ ಬ್ಯಾಂಕಿನಲ್ಲಿರುವ ಮಗಳು ಬೇರೆಯದೇ ರಾಗ ಎಳೆದಳು. ಅವಳು ತೋರಿಸಿದ್ದು ಕರೆಂಟಿನಲ್ಲಿ ಓಡುವ, ಜೀಪಿನಷ್ಟು ಎತ್ತರದ ಒಂದು ದುಬಾರಿ ಗಾಡಿ. ನನ್ನ ಕಣ್ಣಿಗೆ ಅದು ಉಬ್ಬಿದ ಪೂರಿಯಂತೆ ಕಂಡಿತು.

ಟೀ ಅಂಗಡಿಯಲ್ಲಿ ಈ ವಿಷಯ ಎತ್ತಿದಾಗ ಗೆಳೆಯನೊಬ್ಬ, "ಲೇ, ನೀನು ಕಾರ್ ತಕತ್ತಿದ್ದೀಯೋ, ಮೊಬೈಲ್ ತಕತ್ತಿದ್ದೀಯೋ? ರಾತ್ರಿಯೆಲ್ಲ ಚಾರ್ಜಿಗೆ ಆಕ್ಬೇಕಲ್ಲ ಕಣ್ಲಾ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪೆಟ್ರೋಲ್ ಕಾರೇ ಸರಿ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಮನೆಗೆ ಬಂದು ಹೇಳಿದರೆ ಹೆಂಡತಿ ಅಕ್ಕಿ ಆರಿಸುತ್ತಾ, "ಯಾವ್ದಾರಾ ತಕಳಿ. ನಂಗೆ ಅವ್ವನ ಮನೆಗಂಟ ಓಗಕ್ಕಾದ್ರೆ ಸಾಕು," ಎಂದಳು. ಅವಳು ನನ್ನಲ್ಲಿ ಏನನ್ನಾದರೂ ಕೇಳಿದ್ದೇ ಅಪರೂಪ. ಎರಡೂ ಶೋರೂಮಿಗೆ ಫೋನು ಮಾಡಿ, ಬೆಟ್ಟ ಹತ್ತಿಸಿ ತೋರಿಸಿದ ಹೊರತು ಯಾವ ಕಾರೂ ಬೇಡ ಎಂದು ಹಟ ಹಿಡಿದೆ. ಅವರು ಪಾಪ, ಒಪ್ಪಿದರು.

ಮೊದಲು ನನ್ನ ಕಪ್ಪು ಸುಂದರಿ ಬಂತು. ಹನೂರಿನವರೆಗೆ ಹೆಂಡತಿ ಹಿಂದಿನ ಸೀಟಿನಲ್ಲಿ ಸುಖವಾಗಿ ಮಾತಾಡಿಕೊಂಡು ಬಂದಳು. ಕೌದಳ್ಳಿ ದಾಟಿದ ಮೇಲೆ ಮಾತು ಕಡಿಮೆಯಾಯಿತು. ಬೆಟ್ಟ ಹತ್ತತೊಡಗಿದಾಗ ಕಾರು ತೊಟ್ಟಿಲಿನ ಹಾಗೆ ಮೆತ್ತಗೆ ಅತ್ತಿತ್ತ ತೂಗಿತು, ಆ ತೂಗಾಟವೇ ಅವಳಿಗೆ ಮುಳುವಾಯಿತು. "ನಿಲ್ಸಿ, ನಿಲ್ಸಿ," ಎನ್ನುವಷ್ಟರಲ್ಲಿ ಬಾಗಿಲು ತೆಗೆದಿದ್ದಳು.

ಮುಂದಿನ ವಾರ ಕರೆಂಟಿನ ಗಾಡಿ ಬಂತು, ಜೊತೆಗೆ ಶೋರೂಮಿನವರೊಬ್ಬರು. ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಇದರಲ್ಲಿ ಆಗಬಹುದು ಎಂದು ಅವಳ ಮುಖ ಅರಳಿತ್ತು. ಬೆಟ್ಟದ ತಿರುವಿಗೆ ಬಂದು ನಾನು ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದರೆ ಸಾಕು, ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ತಾನಾಗಿ ನಿಧಾನವಾಗುತ್ತಿತ್ತು. ಮತ್ತೆ ಒತ್ತಿದರೆ ಚಿಮ್ಮುತ್ತಿತ್ತು. ಎರಡು ತಿರುವು ಆಗುವಷ್ಟರಲ್ಲಿ ಅವಳ ಸ್ಥಿತಿ ಮೊದಲಿಗಿಂತ ಕೆಟ್ಟಿತು. ರಸ್ತೆಯ ತಡೆಗೋಡೆಯ ಮೇಲೆ ಕೂತು ಬಾಯಿ ಮುಕ್ಕಳಿಸುತ್ತಿದ್ದವಳನ್ನು ನೋಡಿ ನನಗೆ ಅಳು, ಸಿಟ್ಟು ಎರಡೂ ಬಂದವು. ಸಿಟ್ಟು ಶೋರೂಮಿನವರ ಮೇಲೆ ಹೋಯಿತು. "ಏನ್ರೀ, ಇಂಥಾ ಗಾಡೀಲೂ ಇದೇ ಗತಿಯಾ?" ಎಂದು ರೇಗಿದೆ.

ಅವರು ತಾಳ್ಮೆಯ ಮನುಷ್ಯ. "ಸಾರ್, ಕಾಲು ತೆಗೆದ್ರೆ ಇದು ತಾನೇ ನಿಧಾನ ಆಗುತ್ತೆ. ಹಿಂದೆ ಕೂತವರಿಗೆ ಅದು ಮುಂಚೇನೇ ಗೊತ್ತಾಗಲ್ಲ, ಅದಕ್ಕೇ ತಲೆ ಸುತ್ತುತ್ತೆ. ಓಡಿಸೋರಿಗೆ ಆಗಲ್ಲ," ಎಂದರು.

ಹೆಂಡತಿ ತಲೆಯೆತ್ತಿದಳು. "ಓಡ್ಸೋರಿಗೆ ಆಗಲ್ವಾ?"

"ಸಾಮಾನ್ಯವಾಗಿ ಯಾವ ಕಾರಲ್ಲೂ ಆಗಲ್ಲ ಮೇಡಂ."

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಸ್ಟಿಯರಿಂಗಿನ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದಳು. ಮನೆ ಸೇರಿದ ಮೇಲೆ, "ರೀ, ಸಂತೆಗೆ, ಬ್ಯಾಂಕಿಗೆ ಸ್ಕೂಟ್ರು ತಕಂಡು ಓಯ್ತೀನಲ್ಲ, ಒಂದ್ ದಿನಾನಾರಾ ತಲೆ ತಿರುಗಿದ್ದದಾ?" ಎಂದು ಕೇಳಿದಳು. ಇಲ್ಲ ಎಂದೆ. "ಮತ್ತೆ? ಕಾರ್ನೂ ನಾನೇ ಓಡುಸ್ತೀನಿ."

ಹಾಗಾದರೆ ಆರಿಸುವವಳೂ ನೀನೇ ಎಂದೆ.

ಮೈಸೂರಿನ ಶೋರೂಮಿಗೆ ಹೋದಾಗ ಅಲ್ಲಿಯವರು ಕಪ್ಪು ಕಾರಿನ ಹಿಂಬಾಗಿಲು ತೆಗೆದು ಬಗ್ಗಿ ನಿಂತರು. ಹೆಂಡತಿ ಅವರನ್ನು ದಾಟಿ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಅವಳು ಕುಳ್ಳಿ. ಸೀಟು ಎಷ್ಟು ಎತ್ತರಿಸಿದರೂ, "ನಂಗೆ ಬರೀ ಬಾನೆಟ್ಟೇ ಕಾಣ್ತದ, ರಸ್ತೆ ಎಲ್ಲದ?" ಎಂದಳು. ಇನ್ನೊಂದು ಶೋರೂಮಿನಲ್ಲಿ ಪೂರಿಯಂಥ ಗಾಡಿ ಹತ್ತಿ ಕೂತು, ಕತ್ತು ಚಾಚಿ ಮುಂದೆ ನೋಡಿದಳು. ಗಾಜಿನಾಚೆ ನೆಲ ಹತ್ತಿರದಿಂದಲೇ ಕಾಣುತ್ತಿತ್ತು. ಇಳಿಜಾರಿನಲ್ಲಿ ಕಾಲು ತೆಗೆದರೆ ತಾನೇ ನಿಧಾನವಾಗುವ ಗುಣ ಈಗ ಅವಳಿಗೆ ಬೇಕಾದ ಗುಣವಾಗಿತ್ತು. "ಇದೇ ಇರ್ಲಿ," ಎಂದಳು. ಕಪ್ಪು ಸುಂದರಿಗೆ ನಾನು ಮನಸ್ಸಿನಲ್ಲೇ ವಿದಾಯ ಹೇಳಿದೆ. ನಿಜ ಹೇಳಬೇಕೆಂದರೆ ಒಂದು ವಾರ ಬೇಜಾರಿತ್ತು.

ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ಮಾಡಿಸಿಕೊಂಡಳು. ಸಂಜೆ ಮಿಲ್ಲಿನ ಭತ್ತ ಒಣಗಿಸುವ ಅಂಗಳ ಖಾಲಿಯಾದ ಮೇಲೆ ಅಲ್ಲಿ ಸುತ್ತು ಹೊಡೆದಳು. ಮಿಲ್ಲಿನ ಹೆಂಗಸರು ಮೂಟೆಗಳ ಮೇಲೆ ಕೂತು, "ಅಕ್ಕಾ, ನಮ್ನೂ ಒಂದ್ ಸುತ್ತು ಕರ್ಕಂಡೋಗಿ," ಎಂದು ಕೂಗುತ್ತಿದ್ದರು. ಕರೆದುಕೊಂಡೂ ಹೋದಳು. ಅಂಗಳದಿಂದ ಯಳಂದೂರಿಗೆ, ಆಮೇಲೆ ಹನೂರಿಗೆ, ಕೊನೆಗೊಂದು ದಿನ ತಾಳಬೆಟ್ಟದವರೆಗೆ ಹೋಗಿ ಬಂದಳು. ಮರುವಾರ, "ನಾಳೆ ಅವ್ವನ ಮನೆಗೆ," ಎಂದಳು.

ಜೀವಮಾನವೆಲ್ಲ ಸ್ಟಿಯರಿಂಗ್ ಹಿಡಿದವನು ನಾನು. ಅಂದು ಎಡಗಡೆ ಕೂತೆ. ಅವಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ತಿರುವಿಗೆ ಮುಂಚೆ ಹಾರನ್ ಹೊಡೆದು, ಬಸ್ಸಿಗೆ ದಾರಿ ಬಿಟ್ಟು, ಕಾಲು ಎತ್ತಿ, ಒತ್ತಿ, ಎತ್ತಿ, ಒತ್ತಿ ಹತ್ತಿಸಿದಳು. ಅರ್ಧ ಬೆಟ್ಟಕ್ಕೆ ನನ್ನ ಹೊಟ್ಟೆಯೊಳಗೆ ಏನೋ ಕದಲಿತು. ಹೇಳಿಕೊಳ್ಳಲು ನಾಚಿಕೆ. ಆಚೆ ಇಳಿಯುವಾಗ ತಡೆಯಲಾಗಲಿಲ್ಲ. ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಬ್ಯಾಗಿನಿಂದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟಳು. ನಗಲಿಲ್ಲ. ನನ್ನ ಬೆನ್ನು ಸವರಿದಳು. ಇದನ್ನು ಇವಳು ಪ್ರತಿ ಸಲವೂ ಅನುಭವಿಸಿ, ಆದರೂ ನಮ್ಮ ಮನೆಗೆ ತಿರುಗಿ ಬರುತ್ತಿದ್ದಳಲ್ಲ ಎಂದು ಮನಸ್ಸು ತುಂಬಿ ಬಂತು. ಈ ಹೆಂಗಸು ನನಗೆ ಸಿಕ್ಕಿದ್ದು ನನ್ನ ಪುಣ್ಯ. ಅದನ್ನು ಅವಳಿಗೆ ಹೇಳಿದೆ ಕೂಡ. "ಬುಡಿ, ಮೊದ್ಲು ಬಾಯಿ ತೊಳ್ಕಳಿ," ಎಂದಳು.

ಅತ್ತೆಯ ಮನೆಯಲ್ಲಿ ಎಂದಿನಂತೆ ಚಾಪೆ ಹಾಸಿತ್ತು, ಪಾನಕ ಸಿದ್ಧವಿತ್ತು. ಅತ್ತೆ ಗಾಡಿಯ ಎಡಬಾಗಿಲಿಗೆ ಓಡಿ ಬಂದರು. ಇಳಿದವನು ನಾನು. ಮಗಳು ಬಲಬಾಗಿಲಿನಿಂದ ಇಳಿದು, ಸೆರಗು ಸಿಕ್ಕಿಸಿಕೊಂಡು, "ಅವ್ವ, ಒಟ್ಟೆ ಅಸಿತಾ ಅದ. ಏನ್ ಮಾಡಿದ್ದೀಯೆ?" ಎಂದಳು.

ಮಗಳನ್ನು ತಮಿಳಿನಲ್ಲಿ ಮುದ್ದಾಗಿ ‘ಕಣ್ಣು’ ಎಂದೇ ಕರೆಯುವ ಅತ್ತೆ ನಿಂತಲ್ಲೇ ನಿಂತರು. "ಅಯ್ಯೋ ಕಣ್ಣು, ನೀ ಬಂದೇಟ್ಗೆ ತಿನ್ನಲ್ಲ ಅಂತ ಇನ್ನೂ ಒಲೆನೇ ಅಚ್ಚಿಲ್ವಲ್ಲ!"

ಅಷ್ಟು ವಯಸ್ಸಾದವರು ಆ ಪಾಟಿ ಓಡಾಡಿದ್ದನ್ನು ನಾನು ನೋಡಿರಲಿಲ್ಲ. ಒಲೆ ಹಚ್ಚಿದರು, ಎಸರಿಟ್ಟರು, ಹಿತ್ತಲಿಂದ ಸೊಪ್ಪು ಕಿತ್ತು ತಂದರು. ಕಣ್ಣು ಒರೆಸಿಕೊಂಡು, "ಹೊಗೆ," ಎಂದರು. ನಾನು ಆ ಚಾಪೆಯ ಮೇಲೆ ಮಲಗಿ, ಆ ಪಾನಕ ಕುಡಿದು, ಎಲ್ಲವನ್ನೂ ನೋಡುತ್ತಿದ್ದೆ. ಹೆಂಡತಿ ಒಲೆಯ ಮುಂದೆ ಕಾಲು ಮಡಿಸಿ ಕೂತು ಬಿಸಿ ಮುದ್ದೆ ಮುರಿದಳು. ಅತ್ತೆ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ತಾವು ತಿನ್ನದೆ, ಮಗಳ ಒಂದೊಂದು ತುತ್ತನ್ನೂ ನೋಡಿದರು. ಮುದ್ದೆ ಮುಗಿಯಿತು.

"ಇನ್ನೊಂದು ಇಕ್ಲಾ ಕಣ್ಣು?" ಎಂದರು ಅತ್ತೆ, ಅನುಮಾನದಿಂದಲೇ.

ಹೆಂಡತಿ ಕೈ ಅಡ್ಡ ಹಿಡಿಯಲಿಲ್ಲ. ತಟ್ಟೆಯನ್ನು ಅವ್ವನ ಕಡೆಗೆ ಸರಿಸಿದಳು.