ಭರಣಿಯ ತಲೆಯ ಮೇಲಿನ ಕುಲಾವಿ

ನಾನು ಹೆಣೆದ ಕುಲಾವಿ ಉಪ್ಪಿನಕಾಯಿ ಭರಣಿಯ ತಲೆಗೇರಿ ಕೂತಿತ್ತು. ಹಸುಗೂಸಿನ ಟೊಪ್ಪಿಗೆಗೆ ಕುಲಾವಿ ಎನ್ನುತ್ತಾರೆಂದು ಧಾರವಾಡದ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ, ಕುಂದಾಪುರದ ಪಕ್ಕದ ತಲ್ಲೂರಿನಲ್ಲಿ, ಮನೆಮಂದಿಗೆಲ್ಲ ಹೇಳಬೇಕಾಯಿತು.

ತೊಂಬತ್ತರ ದಶಕದ ಕೊನೆಗೆ ಧಾರವಾಡದಿಂದ ಇಲ್ಲಿಗೆ ಮದುವೆಯಾಗಿ ಬಂದಾಗ ಪೆಟ್ಟಿಗೆಯಲ್ಲಿ ಅವ್ವನ ಕ್ರೋಶಾ ಕಡ್ಡಿಯೂ ಉಲ್ಲನ್ ಉಂಡೆಗಳೂ ಇದ್ದವು. ಅಲ್ಲಿ ರೊಟ್ಟಿ ಬಡಿದ ಕೈಗೆ ಇಲ್ಲಿ ಕುಚ್ಚಲಕ್ಕಿ ಗಂಜಿ ಬಸಿಯುವ ಕೆಲಸ. ಮಾತೂ ಹಾಗೆಯೇ, ಕನ್ನಡವೇ, ಆದರೆ ಅರ್ಧ ನುಂಗಿದ ಕನ್ನಡ. ಮೊದಮೊದಲು ನಾನು ತಲೆಯಾಡಿಸಿದ್ದೇ ಹೆಚ್ಚು. ತುಂಬಿದ ಮನೆಯಲ್ಲಿ ಒಂಟಿಯಾಗಿದ್ದೆ. ಕಡ್ಡಿ ಹಿಡಿದು ಕೂತರೆ ಮಾತ್ರ ಯಾರ ಮಾತಿಗೂ ಅರ್ಥ ಹುಡುಕಬೇಕಿರಲಿಲ್ಲ.

ಆಗ ಬೈಂದೂರಿನಿಂದ ನಾದಿನಿ ಹೆರಿಗೆಗೆ ತವರಿಗೆ ಬಂದಳು. ಆ ಮನೆಯಲ್ಲಿ ನನ್ನ ಜೊತೆ ನಿಧಾನವಾಗಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅವಳ ಕೂಸಿನ ಮೈಮೇಲೆ ನನ್ನ ಕೈಯ ಹೆಣಿಕೆ ಇರಲೇಬೇಕೆಂದು ಪಟ್ಟು ಹಿಡಿದು ಕೂತೆ. ಹಳದಿ ಉಲ್ಲನ್ನಿನಲ್ಲಿ ಕುಲಾವಿ ಮುಗಿಸಿ ಹೆಮ್ಮೆಯಿಂದ ಅತ್ತೆಗೆ ತೋರಿಸಿದೆ.

"ಇನ್ನೂ ಹುಟ್ಲಿಲ್ಲೆ ಮಾರಾಯ್ತಿ. ಹುಟ್ಟುಕ್ ಮುಂಚೆ ಹೊಸ್ತ್ ಮಾಡುಕಾಗ," ಎಂದರು ಅತ್ತೆ. "ಅದೂ ಉಲ್ಲನ್. ಈ ಸೆಕಿಯಂಗೆ ಮಗಿನ್ ತಲಿ ಬೇಯ್ಸ್ತ್ಯಾ? ಬಿಚ್ಚಿ ಬಾಗ್ಲಿಗೊಂದ್ ತೋರಣ ಮಾಡ್. ಬಂದವ್ರ್ ಕಣ್ಣಿಗಾರೂ ಬೀಳತ್ತ್."

ಬಾಗಿಲಿಗೆ ತೂಗುವ, ಟಿವಿಗೆ ಹೊದಿಸುವ ಕ್ರೋಶಾ ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕೈಯಾರೆ ಹೆಣೆದದ್ದು ನಮ್ಮವರ ಮೈಗೆ ತಾಗಬೇಕು, ಬೆವರಿಗೆ ಹಳೆಯದಾಗಬೇಕು.

"ಬಿಚ್ಚಂಗಿಲ್ರಿ ಅತ್ತಿ," ಎಂದೆ. ಆ ಮನೆಯಲ್ಲಿ ನಾನಾಡಿದ ಮೊದಲ ಎದುರು ಮಾತು ಅದು.

ಅವರೇನೂ ಜಗಳಕ್ಕೆ ಬರಲಿಲ್ಲ. ಮರುದಿನ ಕುಲಾವಿ ಭರಣಿಯ ಮೇಲಿತ್ತು. ಕೇಳಿದರೆ, "ಸುಮ್ನೆ ಇಪ್ದ್ ಎಂತಕ್ಕೆ? ಧೂಳ್ ಬೀಳುದಿಲ್ಲೆ," ಎಂದರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಹಟ ಇನ್ನೂ ಗಟ್ಟಿಯಾಯಿತು.

ಹೆರಿಗೆಯಾಯಿತು, ಹೆಣ್ಣು ಕೂಸು. ಅದನ್ನು ಸುತ್ತಲು ಅತ್ತೆ ಪೆಟ್ಟಿಗೆಯಿಂದ ತಮ್ಮ ಹಳೆಯ ವಾಯಿಲ್ ಸೀರೆ ತೆಗೆದರು. ಹಸುಗೂಸಿಗೆ ಮೊದಲು ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು, ಹೊಸದೇನಿದ್ದರೂ ಹೆಸರಿಟ್ಟ ಮೇಲೆ. ಬೇಕಾದಷ್ಟು ಹರಿದುಕೊಂಡು ಉಳಿದದ್ದನ್ನು ಒರೆಸುವ ಬಟ್ಟೆಗೆಂದು ಮೂಲೆಗೆ ಹಾಕಿದರು. ನಮ್ಮ ಕಡೆ ಹಳೆಯ ಸೀರೆಯನ್ನು ಯಾರಾದರೂ ಹಾಗೆ ಬಿಸಾಡುತ್ತಾರೆಯೇ? ತುಂಡು ತುಂಡು ಸೇರಿಸಿ ಹೊದೆಯಲು ಕೌದಿ ಹೊಲಿಯುತ್ತೇವೆ. ಅದನ್ನೆತ್ತಿಕೊಂಡು ಬಂದು ದಾರದಂತೆ ಸಣ್ಣಗೆ ಸೀಳಿ, ಕುಂದಾಪುರ ಪೇಟೆಯಿಂದ ತರಿಸಿದ ದಪ್ಪ ಕಡ್ಡಿಯಲ್ಲಿ ಹೆಣೆಯುತ್ತಾ ಹೋದೆ. ಒಂದು ಪುಟ್ಟ ಹೊದಿಕೆಯಾಯಿತು.

"ಹಳೇದ ಐತ್ರಿ. ನಿಮ್ಮದ ಸೀರಿ," ಎಂದು ಅತ್ತೆಯ ಮುಂದೆ ಹಿಡಿದೆ.

ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. ಬಯ್ಯಲು ಜಾಗ ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಈ ಗಂಟ್ ಮಗಿನ್ ಬೆನ್ನಿಗ್ ತಾಗತ್ತ್," ಎಂದರು ಕೊನೆಗೆ. "ಕೆಳಗ್ ಮಾಡಿ ಹಾಸ್."

ಹಾಸಿದೆ. ಕೂಸು ಅಜ್ಜಿಯ ಸೀರೆಯ ಮೇಲೆ, ನನ್ನ ಹೆಣಿಕೆಯ ಮೇಲೆ ಮಲಗಿತು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ನಾದಿನಿ ಬೈಂದೂರಿಗೆ ಹೊರಟಾಗ ಮೊದಲು ಮಡಚಿಟ್ಟುಕೊಂಡದ್ದು ಅದನ್ನೇ.

ಅಲ್ಲಿಂದ ನೂಲು ಬದಲಾಯಿತು. ಈ ಸೆಕೆಗೆ ಹತ್ತಿ ದಾರ, ಗಾಳಿಯಾಡುವ ಹೆಣಿಕೆ. ಅತ್ತೆಗೆ ಕೈಚೀಲ, ಬ್ರಹ್ಮಾವರದ ಓರಗಿತ್ತಿಯ ಮಕ್ಕಳಿಗೆ ಅಂಗಿ. "ಅಂಗ್ಡ್ಯಗೆ ಸಿಕ್ಕತ್ತಲೆ," ಎಂದು ಓರಗಿತ್ತಿ ಈಗಲೂ ಹೇಳುತ್ತಾಳೆ. ಸಿಗಲಿ. ಅಂಗಡಿಯವನಿಗೆ ಅವಳ ಮಗನ ಭುಜದ ಅಳತೆ ಗೊತ್ತಿದೆಯೇ?

ಇಷ್ಟು ವರ್ಷದ ಮೇಲೆ, ಮೊನ್ನೆಯ ಚಳಿಗಾಲದಲ್ಲಿ, ತಮ್ಮನ ಕೂಸನ್ನು ನೋಡಲು ಧಾರವಾಡಕ್ಕೆ ಬಂದಿದ್ದೆ. ಹತ್ತಿಯಲ್ಲಿ ಹೆಣೆದ ಬಿಳಿ ಕುಲಾವಿ ತಂದಿದ್ದೆ. ಅವ್ವ ಅದನ್ನು ಬೆಳಕಿಗೆ ಹಿಡಿದಳು.

"ಬರೇ ತೂತ ಅದಾವಲ್ಲ. ಈ ಥಂಡ್ಯಾಗ ಕೂಸಿಗೆ ಇದನ್ನ ಹಾಕ್ತಾರೇನ? ಪೂರಾ ಆ ಕಡೆಯಾಕಿ ಆಗೀದಿ ನೀ. ಬಿಚ್ಚು, ಉಲ್ಲನ್‌ದಾಗ ಹೆಣಿ."

"ಬಿಚ್ಚುದಿಲ್ಲೆ," ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ನನ್ನ ಬಾಯಿಂದ ಬಂದದ್ದು ಅತ್ತೆಯ ಕಡೆಯ ಕನ್ನಡವೆಂದು ನನಗೂ ಆಗಲೇ ಗೊತ್ತಾದದ್ದು. ಹಿಂತೆಗೆದುಕೊಳ್ಳಲಿಲ್ಲ. ಅವ್ವ ಹೆಣೆದಿಟ್ಟಿದ್ದ, ತಲೆಯಿಂದ ಬೆನ್ನಿನವರೆಗೆ ಇಳಿಯುವ ಉಲ್ಲನ್ ಕುಂಚಿಗೆಯ ಒಳಗೆ, ಕೂಸಿನ ತಲೆಗೆ ತಾಗುವಂತೆ ನನ್ನ ಕುಲಾವಿ ತೊಡಿಸಿ, ಗದ್ದದ ಕೆಳಗೆ ಲಾಡಿ ಕಟ್ಟಿದೆ.